ಚೈನಿಗೆ ಸಿಕ್ಕ ಬೆರಳು

ಓಬಳೇಶನ ಬಲಗೈ ತೋರುಬೆರಳು ಬೈಕಿನ ಚೈನಿಗೂ ಹಿಂದಿನ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಬಟ್ಟೆ ಹಿಡಿದರೆ ಚೈನು ತಾನೇ ತಿರುಗಿ ಬೇಗ ಕ್ಲೀನಾಗುತ್ತದೆ ಎಂಬುದು ಅವನದೇ ಸಂಶೋಧನೆ. ಚೈನು ಬಟ್ಟೆಯ ಜೊತೆ ಬೆರಳನ್ನೂ ಎಳೆದುಕೊಂಡು, ಎಂಜಿನ್ ನಿಂತು, ಗಾಡಿ ಫಸ್ಟ್ ಗೇರಿನಲ್ಲೇ ಬಿಗಿದುಕೊಂಡಿತ್ತು. ಮತ್ತೋಡಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುವವನಿಗೆ ಆ ಬೆರಳು ಹೋದರೆ ಉಳಿಯುವುದು ಉಸಿರೊಂದೇ.

“ಮುಟ್ಬ್ಯಾಡ ಲೇ! ಚಕ್ರ ತಿರುಗಿದ್ರೆ ಬೆರಳು ಹೋಗ್ತೈತೆ! ಹೊಸದುರ್ಗದ ಮೆಕ್ಯಾನಿಕ್‌ಗೆ ಫೋನ್ ಮಾಡು!” ಎಂದು ಅರಚಿದ.

“ಅವ್ನು ಬರೋ ಹೊತ್ತಿಗೆ ಬೆರಳು ಇರ್ತೈತೇನ್ರಿ?” ಎನ್ನುತ್ತ ಹೆಂಡತಿ ರಂಜಿತಾ ಚಪ್ಪಲಿ ಬಿಟ್ಟು ಗೇರಿನ ಮೇಲೆ ಕಾಲಿಟ್ಟಳು. ಅವನು ಪ್ರತಿ ಸಲ ಒದ್ದಾಡಿ ಹುಡುಕುವ ನ್ಯೂಟ್ರಲ್ಲು ಅವಳ ಹೆಬ್ಬೆರಳಿಗೆ ಒಂದೇ ಏಟಿಗೆ ಸಿಕ್ಕಿ, ಹಸಿರು ದೀಪ ಹತ್ತಿತು. ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು.

ಗ್ರೀಸು, ರಕ್ತ ಎರಡೂ ಮೆತ್ತಿಕೊಂಡು ಬೆರಳು ಹೊರಬಂತು; ಆದರೆ ಇಡಿಯಾಗಿ ಬಂತು. “ಮಡಚ್ರಿ,” ಎಂದಳು. ಮಡಚಿತು. ಓಬಳೇಶ ಅದನ್ನು ನೋಡದೆ ಅವಳ ಕಾಲನ್ನೇ ನೋಡುತ್ತಿದ್ದ.

“ಲೇ, ಗಾಡಿ ಯಾವಾಗ ಕಲ್ತೆ?”

“ಮದುವೆ ಸೀಸನ್ನಾಗೆ ರಾತ್ರಿಯೆಲ್ಲ ಊದಿ ಬಂದು ಹಗಲೆಲ್ಲ ಮಲಗ್ತಿದ್ರಲ್ಲ, ಆವಾಗ.”