ದೇವರ ಅಕ್ಕಿ ಮುಂದೆ, ನಾವು ಹಿಂದೆ

ಅಕ್ಕಿಯ ಹೊಸ ಗೋಣಿಚೀಲ ಬಿಚ್ಚಿದರೆ ಸಾಕು, ಈಗಲೂ ಆ ವಾಸನೆಯ ಜೊತೆಗೆ ಮಾನ್ವಿಯ ಒಂದು ಮಧ್ಯಾಹ್ನ ಮನೆಯೊಳಗೆ ಬಂದುಬಿಡುತ್ತದೆ.

ದೇವದುರ್ಗದ ಮಠದ ದಾಸೋಹಕ್ಕೆ ಅಕ್ಕಿ ಒಯ್ಯಲು ನಮ್ಮ ಓಣಿಯ ಹೆಂಗಸರೆಲ್ಲ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿದ್ದರು; ಅಜ್ಜಿಯ ಜೊತೆ ಪುಟ್ಟ ಹುಡುಗಿ ನಾನೂ ಇದ್ದೆ. ದೇವರ ಅಕ್ಕಿಗೆ ಯಾರ ಕಾಲೂ ತಾಗಬಾರದೆಂದು ಅಜ್ಜಿ ಚೀಲಗಳನ್ನೆಲ್ಲ ಹಿಂತುದಿಯಲ್ಲಿ ಒಟ್ಟಿಸಿದ್ದಳು. ಊರು ದಾಟುವ ಮೊದಲೇ ಟ್ರೇಲರ್ ಬಾಲ ಬೀಸಿದಂತೆ ಆಚೆ ಈಚೆ ಓಲಾಡಿತು. ಓಡಿಸುತ್ತಿದ್ದ ಖಾಜಾ ಮಾಮಾ ಗಕ್ಕನೆ ನಿಲ್ಲಿಸಿದ.

“ಯವ್ವಾ, ಹಿಂದ ಭಾರ ಬಿದ್ದು ಟ್ರ್ಯಾಕ್ಟರಿಗೆ ಸಿಗಿಸಿದ ಕೊಂಡಿ ಮ್ಯಾಲೆ ಏಳಾಕತ್ತದ. ಚೀಲ ಗಾಲಿಗಿಂತ ಒಂಚೂರು ಮುಂದ ಇಡ್ರಿ, ನೀವು ಹಿಂದ ಕೂಡ್ರಿ.”

“ಅಕ್ಕಿಗೆ ಕಾಲು ತಾಗಿದ್ರ?”

“ಕಾಲು ಹಿಂದಕ್ಕ ಚಾಚ್ರಿ. ದೇವ್ರು ಮುಂದ ಹೋಗ್ಲಿ!”

ಅಜ್ಜಿ ನಕ್ಕಳು. ಚೀಲಗಳು ಮುಂದೆ ಬಂದವು. ಆದರೆ ಅವಳ ಹೆದರಿಕೆ ಇಳಿದಿರಲಿಲ್ಲ. ನನ್ನತ್ತ ತಿರುಗಿ, “ಈ ಹುಡುಗಿ ಬ್ಯಾಡಪಾ, ಮನೀಗೆ ಹೋಗ್ಲಿ,” ಎಂದಳು.

ನಾನು ಊರಾಚೆ ಹೊರಟಿದ್ದು ಅದೇ ಮೊದಲು. ಪಕ್ಕದ ಚೀಲವನ್ನು ಗಟ್ಟಿಯಾಗಿ ಅಪ್ಪಿಕೊಂಡೆ.

ಖಾಜಾ ಮಾಮಾ ಬಗ್ಗಿ ಕೊಂಡಿ ನೋಡಿದ, ನನ್ನ ಮುಖ ನೋಡಿದ. “ಇಕಿನ್ನ ಇಳಿಸಿದ್ರ ತೂಕ ತಪ್ತದ ಯವ್ವಾ. ಏ ಬೇಟಿ, ಆ ಚೀಲಕ್ಕ ಬೆನ್ನು ಕೊಟ್ಟು ನಡುವ ಕೂಡು. ಅಲ್ಲಾಡಬ್ಯಾಡ ಮತ್ತ!”

ಟ್ರೇಲರ್ ನೆಟ್ಟಗೆ ಓಡಿತು. ಗಾಳಿಗೆ ಕೂದಲು ಬಾಯಿಗೆ ಬಂದರೂ ಸರಿಸಲಿಲ್ಲ, ಬೆನ್ನು ತುರಿಸಿದರೂ ಮುಟ್ಟಲಿಲ್ಲ. ಶಿವಾ ಶಿವಾ ಎನ್ನುತ್ತ ಅಜ್ಜಿಯನ್ನು, ಅಕ್ಕಿಯನ್ನು, ಇಡೀ ಓಣಿಯನ್ನು ದೇವದುರ್ಗದವರೆಗೂ ನಾನೊಬ್ಬಳೇ ಹಿಡಿದುಕೊಂಡು ಹೋದೆ.