ಕಪ್ಪು ರಿಬ್ಬನ್

ಯಾರಾದರೂ ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಮೇಗರವಳ್ಳಿ ಕಡೆಯ ನಮ್ಮ ಶಾಲೆಯಲ್ಲಿ ಅವತ್ತು ಗುಡ್ಡ ಕುಸಿತದ ಮಾಕ್ ಡ್ರಿಲ್. ಗಾಯಾಳುಗಳ ಪಾತ್ರ ಮಾಡುವ ಮಕ್ಕಳು ಮೈದಾನದ ಒದ್ದೆ ಹುಲ್ಲಿನ ಮೇಲೆ ಮಲಗಿದ್ದರು. ರಿಬ್ಬನ್ ಕಟ್ಟುವ ಕೆಲಸ ನನ್ನದು.

"ಕೆಂಪು ಕಟ್ಟಿದವ್ರನ್ನ ಮೊದ್ಲು ಎತ್ತಿ. ಕಪ್ಪು ಅಂದ್ರೆ ಸತ್ತವ್ರು, ಮುಟ್ಬೇಡಿ. ಸತ್ತವ್ರು ಅಲ್ಲಾಡಂಗಿಲ್ಲ" ಅಂದಿದ್ದರು ಮೇಷ್ಟ್ರು.

ಕಪ್ಪು ಇದ್ದದ್ದು ಸತ್ತವರ ಲೆಕ್ಕಕ್ಕೆ ಮಲಗಿಸಿದ್ದ ಹುಲ್ಲಿನ ಬೊಂಬೆಗೆ. ನಾನು ಅದನ್ನು ಗಾಯಾಳುಗಳ ಸಾಲಿನಲ್ಲಿ ಮಲಗಿದ್ದ ನನ್ನ ಕ್ಲಾಸಿನ ಸವಿತಾಳ ಕೈಗೆ ಕಟ್ಟಿದೆ. ಹಿಂದಿನ ದಿನ ಅವಳು ನನ್ನ ಜೊತೆ ಟೂ ಬಿಟ್ಟಿದ್ದಳು.

ಎಲ್ಲರೂ ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ ಮೇಷ್ಟ್ರಿಗೆ ಅವಳ ನೆನಪಾಯಿತು. ಓಡಿ ಹೋಗಿ ನೋಡಿದರೆ ಕುತ್ತಿಗೆ, ಕಿವಿ, ಕಾಲಿನ ತುಂಬ ರಕ್ತ ಕುಡಿದು ಊದಿಕೊಂಡ ಉಂಬಳಗಳು, ಮಳೆಗಾಲದ ಜಿಗಣೆಗಳು. ಅಡುಗೆಯವಳು ಹೊಗೆಸೊಪ್ಪು, ಸುಣ್ಣ ತಿಕ್ಕಿ ಒಂದೊಂದನ್ನೇ ಉದುರಿಸಿದಳು.

"ಏಳಕ್ಕೆ ಏನಾಗಿತ್ತೇ ನಿಂಗೆ?"

"ಸತ್ತವ್ರು ಅಲ್ಲಾಡಂಗಿಲ್ಲ ಅಂದ್ರಲ್ಲ ಸರ್."

"ಕಪ್ಪು ಯಾರ್ ಕಟ್ಟಿದ್ದು?"

ಅವಳು ಬಾಯಿ ಬಿಡುವ ಮೊದಲೇ ನಾನು, "ಅವ್ಳೇ ಕಟ್ಕೊಂಡ್ಳು ಸರ್" ಎಂದೆ.

ಮೇಷ್ಟ್ರ ಬೆತ್ತ ಉಂಬಳ ಕಚ್ಚಿದ ಕಾಲಿನ ಮೇಲೇ ಬಿತ್ತು. ಸವಿತಾ ನನ್ನನ್ನೇ ನೋಡುತ್ತ ನಿಂತಿದ್ದಳು. ಆಗಲೂ ಅಲ್ಲಾಡಲಿಲ್ಲ.