ಹೊಸ ಮೀನು, ಹಳೇ ಕಲ್ಲು

ಪಾಲಕ್ ಎಲೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಉಪ್ಪುನೀರಿನ ಅಕ್ವೇರಿಯಂಗೆ ಇಳಿಬಿಡುತ್ತಿದ್ದ ರತ್ನಮಾಲಾ "ಅಯ್ಯಯ್ಯ!" ಎಂದು ಕೈ ಹಿಂದಕ್ಕೆಳೆದುಕೊಂಡರು. ಅವರ ಮುದ್ದಿನ ಹಳದಿ ಮೀನು ಬಂಗಾರಿ, ನೀಲಿ ಮೀನನ್ನು ಮೂಲೆಗೆ ಅಟ್ಟಿ ಬಾಲದ ಬುಡದ ಮುಳ್ಳಿನಿಂದ ಮತ್ತೊಮ್ಮೆ ಗೀರಿತ್ತು. ನೀಲಿಯ ರೆಕ್ಕೆ ಆಗಲೇ ಹರಿದು ದಾರದಾರವಾಗಿತ್ತು. ಮಗ ಸುಯೋಗ ತನ್ನ ಹೆಂಡತಿ ಶೀತಲಳಿಗೆಂದು ಅದನ್ನು ತಂದು ಇನ್ನೂ ನಾಲ್ಕೇ ದಿನ.

ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಬಾಜು ಮೀನಿನ ಅಂಗಡಿ ಇಟ್ಟುಕೊಂಡಿದ್ದ ಬುರಾನುದ್ದೀನನಿಗೆ ಫೋನು ಹೋಯಿತು. ಅವನು ಬಂದು ಚಪ್ಪಲಿ ಬಿಡುವುದರೊಳಗೇ ರತ್ನಮಾಲಾ ಶುರುಮಾಡಿದರು.

"ಏನ್ರಿ ಬುರಾನಭಾಯಿ, ಮಾರೂವಾಗ ಶಾಕಾಹಾರಿ ಮೀನ ಅಂದಿದ್ರಿ?"

"ಖರೇನ ಐತ್ರಿ ಅಕ್ಕಾರ. ಸೊಪ್ಪು, ಪಾಚಿ ಬಿಟ್ಟು ಏನೂ ಮುಟ್ಟಂಗಿಲ್ಲ. ಆದ್ರ ತಿನ್ನೂದ ಬ್ಯಾರೆ, ಬಡಿಯೂದ ಬ್ಯಾರೆ."

ರತ್ನಮಾಲಾಗೆ ಇದು ದೊಡ್ಡ ಪೆಟ್ಟು. ಉಳ್ಳಾಗಡ್ಡಿ ಹೊಸ್ತಿಲು ದಾಟದ ಜೈನರ ಮನೆ. ಸುಳ್ಳಾಡುವುದಿಲ್ಲವೆಂದು ಅವರು ಬಸದಿಯಲ್ಲಿ ನೇಮ ಹಿಡಿದು ಹನ್ನೆರಡು ವರ್ಷವಾಗಿತ್ತು. ಮೀನು ಸಾಕುವುದೇ ಬೇಡ ಎಂದವರು, ಸೊಪ್ಪು ತಿನ್ನುತ್ತದೆಂಬ ಒಂದೇ ಮಾತಿಗೆ ಬಂಗಾರಿಯನ್ನು ಒಳಗೆ ಬಿಟ್ಟುಕೊಂಡಿದ್ದರು. ಈಗ ನೋಡಿದರೆ ಹೊಟ್ಟೆಯೊಳಗೆ ಪಾಲಕ್, ಬಾಲದೊಳಗೆ ಕತ್ತಿ!

"ಹಂಗಾರ ಹೊಸಾದನ್ನ ತಿರುಗಿ ಒಯ್ರಿ. ಅದು ಬರೂಕಿಂತ ಮೊದಲ ಎಲ್ಲಾ ಶಾಂತ ಇತ್ತು," ಎಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೀತಲ ಸರ್ರನೆ ಒಳಗೆ ಹೋದಳು. ಅವಳ ಬ್ಯಾಗು ಆಗಲೇ ತುಂಬಿತ್ತು. ನಾಳೆ ಖಾನಾಪುರಕ್ಕೆ, ತವರಿಗೆ, 'ಒಂದ ಎಂಟ ದಿನ'. ಮದುವೆಯಾಗಿ ಮೂರು ತಿಂಗಳಾದ ಸೊಸೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಎಂಟು ದಿನ ಎಂದರೆ ಅದು ಎಂಟಕ್ಕೆ ಮುಗಿಯುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಕಾರಣ ಕೇಳಿದರೆ ನಗು ಬರಬೇಕು: ಜೀರಿಗೆ ಡಬ್ಬಿ. ಕೈಗೆ ಸಿಗಲೆಂದು ಅವಳು ಒಲೆಯ ಬಾಜು ಇಡುವುದು, ಸಂಜೆಯೊಳಗೆ ಅತ್ತೆ ಅದನ್ನು ಮೇಲಿನ ಹಲಗೆಗೆ ಏರಿಸುವುದು. ಇವತ್ತು ಬೆಳಿಗ್ಗೆಯಂತೂ ಮಗನ ಎದುರಿಗೇ, "ಮೂವತ್ತ ವರ್ಷದಿಂದ ಈ ಮನ್ಯಾಗ ಜೀರಗಿ ಅಲ್ಲೇ ಇರತೈತಿ" ಎಂದುಬಿಟ್ಟಿದ್ದರು. ಶೀತಲ ಹೋಗಿ ಬ್ಯಾಗು ತುಂಬಿದಳು.

ಬುರಾನುದ್ದೀನ ಗಾಜಿಗೆ ಮೂಗು ತಾಗಿಸಿ ನೋಡಿದ. "ಒಯ್ಯೂದ ಯಾಕ್ರಿ ಅಕ್ಕಾರ? ಹಳೇದೂ ಕೆಟ್ಟದ್ದಲ್ಲ. ಒಂದೊಂದ ಕಲ್ಲೂ ಅದಕ್ಕ ಬಾಯಿಪಾಠ ಆಗೈತಿ. ಹೊಸಾದು ಎಲ್ಲಿ ನಿಂತ್ರೂ ಹಳೇದು 'ಇದು ನಂದ' ಅಂತೈತಿ. ಕಲ್ಲೆಲ್ಲಾ ತಗದು ಬ್ಯಾರೆ ಥರಾ ಹಚ್ಚೂಣು. ಹಳೇದಕ್ಕೂ ಮನಿ ಹೊಸಾದ ಆಗ್ಲಿ. ಇಬ್ರೂ ಹುಡುಕ್ಯಾಡಾಕ ಹತ್ತಿದ್ರ ಬಡದಾಡಾಕ ಪುರಸೊತ್ತ ಎಲ್ಲಿ?"

"ಬಂಗಾರಿ ಗಾಬರಿ ಆಗೂದಿಲ್ಲೇನು?"

"ಆಗತೈತ್ರಿ. ಆಗ್ಲಿ ಬಿಡ್ರಿ. ಆಮ್ಯಾಲ ಬಾಜೂಕ ಒಬ್ರ ಅದಾರಲ್ಲಾ ಅಂತ ಅದಕ್ಕೂ ಧೈರ್ಯಾ ಬರತೈತಿ."

ನೀಲಿ ಒಂದು ಜಾಗ ಹಿಡಿಯಲೆಂದು ಬಂಗಾರಿಯನ್ನು ಮೂರು ದಿನ ಅದೇ ನೀರಿನಲ್ಲಿ ತೂತಿನ ಬುಟ್ಟಿಯೊಳಗೆ ಕೂಡಿಹಾಕಬೇಕಿತ್ತು. ಸೊಪ್ಪು ತೊಳೆಯುವ ಪ್ಲಾಸ್ಟಿಕ್ ಬುಟ್ಟಿಯನ್ನು ರತ್ನಮಾಲಾ ತಾವೇ ತಂದುಕೊಟ್ಟರು. ಮೀನು ಮುಟ್ಟಿದ ಬುಟ್ಟಿ ಮತ್ತೆ ಅಡುಗೆಮನೆಗೆ ಬರುವಂತಿಲ್ಲ. ಹೋಗಲಿ, ಬಂಗಾರಿಗಿಂತ ಹೆಚ್ಚೇ? ಆದರೆ ಕಲ್ಲು ಜೋಡಿಸುವಾಗ ಮಾತ್ರ ತಡೆಯಲಾಗದೆ "ಅದು ಎಡಕ್ಕಿತ್ತಲ್ರಿ!" ಎಂದು ಮೂರು ಸಲ ಬಾಯಿ ಹಾಕಿದರು.

"ಎಡಕ್ಕಿತ್ತಂತನ ಬಲಕ್ಕ ಇಡಾಕತ್ತೀನ್ರಿ," ಎಂದ ಬುರಾನುದ್ದೀನ.

ನಾಲ್ಕನೇ ಸಲಕ್ಕೆ ಅವರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಒಮ್ಮೆ ಅಡುಗೆಮನೆಯ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಶೀತಲ ಚಹಾ ಇಡಲೆಂದು ಬಂದರೆ ಹಲಗೆಗಳೆಲ್ಲ ಖಾಲಿ. ಇದ್ದಬದ್ದ ಡಬ್ಬಿಯೆಲ್ಲ ನೆಲದ ಮೇಲೆ, ನಡುವೆ ಅತ್ತೆ.

"ನಿನ್ನ ಮನಸಿಗೆ ಬಂದಂಗ ಹಚ್ಚಿಡವಾ. ನಾ ನೋಡೂದಿಲ್ಲ."

"ಬಸ್ಸಿಗೆ ಹೊತ್ತಾಗತೈತ್ರಿ ಅತ್ತ್ಯಾರ."

"ಖಾನಾಪುರಕ್ಕ ಬಸ್ ಕಡಿಮಿ ಅದಾವೇನು? ಹಚ್ಚಿ ಹೋಗು."

ಶೀತಲ ಎಲ್ಲ ಜೋಡಿಸಿದಳು, ಹೋಗಿಯೂ ಹೋದಳು.

ಮೂರು ದಿನ ಕಳೆದು ಬಂಗಾರಿಯನ್ನು ಬುಟ್ಟಿಯಿಂದ ಬಿಟ್ಟರು. ಅದು ತನ್ನ ಹಳೇ ಸಂದಿ ಹುಡುಕುತ್ತ ಮೂಲೆ ಮೂಲೆ ಸುತ್ತಿತು. ಎಲ್ಲೂ ಸಿಗದೆ, ಕೊನೆಗೆ ನೀಲಿ ಹಿಡಿದಿದ್ದ ಕಲ್ಲಿನ ಇನ್ನೊಂದು ಬದಿಗೆ ಹೋಗಿ ಸುಮ್ಮನೆ ನಿಂತುಕೊಂಡಿತು. ನೋಡುತ್ತಿದ್ದ ರತ್ನಮಾಲಾಗೆ ಕಣ್ಣು ತುಂಬಿತು. ಅವರೂ ಈ ಮೂರು ದಿನ ಸಾಸಿವೆಗೆ ಮೂರು, ಅರಿಶಿಣಕ್ಕೆ ಐದು ಡಬ್ಬಿ ತೆರೆದು ಸೋತಿದ್ದರು. ಅಯ್ಯೋ, ಆ ಕೂಸು ಮೂರು ತಿಂಗಳು ಹೀಗೇ ಹುಡುಕಾಡಿತಲ್ಲ, ಒಂದು ದಿನವಾದರೂ ನಾನು ಕೇಳಿದೆನೇ!

ಒಲೆಯ ಮುಂದೆ ಬಂದು ನಿಂತು ಖಾನಾಪುರಕ್ಕೆ ಫೋನು ಹಚ್ಚಿದರು.

"ಶೀತಲ, ಜೀರಗಿ ಎಲ್ಲಿಟ್ಟೀಯವಾ? ಹುಡುಕಿ ಹುಡುಕಿ ಸಾಕಾತು."

"ಒಲಿ ಬಾಜೂಕ ಐತಲ್ರಿ ಅತ್ತ್ಯಾರ."

"ನೋಡೇನಿ. ಅಲ್ಲಿಲ್ಲ. ನಂಗ ಸಿಗೂದಿಲ್ಲ ಅದು, ನೀನ ಬಂದು ತಗದು ಕೊಡು."

ಆ ಕಡೆ ಮೂಗೆಳೆದುಕೊಂಡ ಸದ್ದು, ಅದರ ಹಿಂದೆಯೇ ಸಣ್ಣ ನಗು. "ನಾಳೆ ಮುಂಜಾನಿ ಬಸ್ಸಿಗೆ ಬರ್ತೀನ್ರಿ."

ರತ್ನಮಾಲಾ ಫೋನು ಕೆಳಗಿಟ್ಟರು. ಹನ್ನೆರಡು ವರ್ಷದ ನೇಮ ಅಲ್ಲಿಗೆ ಮುರಿದಿತ್ತು: ಇನ್ನೊಂದು ಕೈ ಜೀರಿಗೆ ಡಬ್ಬಿಯ ಮೇಲೇ ಇತ್ತು.